ಸ್ಪಷ್ಟನೆ: ನ್ಯೂಜಿಲೆಂಡ್ ಬಾವುಟ ಬದಲಾಗಿಲ್ಲ

"ನ್ಯೂಜಿಲೆಂಡ್ ಹೊಸ ರಾಷ್ಟ್ರಧ್ವಜ ಹಾರಿಸ್ತು" ಅಂತ ಒಂದು ವಿಡಿಯೋ ಗ್ರೂಪ್‌ಗಳಲ್ಲಿ ಓಡಾಡ್ತಿದೆ, ಕಪ್ಪು-ನೀಲಿ ಬಟ್ಟೆ ಮೇಲೆ ಬಿಳಿ ಫರ್ನ್ ಎಲೆ, ಪಕ್ಕದಲ್ಲಿ ನಾಲ್ಕು ಕೆಂಪು ನಕ್ಷತ್ರ. ಇದು ತಪ್ಪು ಮಾಹಿತಿ. ಅಲ್ಲಿನ ಬಾವುಟ ಹಳೇದೇ, ಮೂಲೆಯಲ್ಲಿ ಯೂನಿಯನ್ ಜ್ಯಾಕ್ (ಬ್ರಿಟನ್ ಬಾವುಟ) ಇರೋ ನೀಲಿ ಬಾವುಟ.

2015ರಲ್ಲಿ ಅಲ್ಲಿ ಜನರಿಂದ ಡಿಸೈನ್ ಕೇಳಿದ್ರು, 10,292 ಬಂದ್ವು, ಕೊನೆಗೆ ಐದನ್ನ ವೋಟಿಗಿಟ್ಟಾಗ ಈ ಫರ್ನ್ ಡಿಸೈನ್ ಗೆದ್ದಿದ್ದು ನಿಜ. ಆದ್ರೆ 2016ರ ಮಾರ್ಚಲ್ಲಿ ಇದನ್ನ ಹಳೇ ಬಾವುಟದ ಎದುರು ನಿಲ್ಲಿಸಿ ಇನ್ನೊಂದು ಜನಮತಗಣನೆ ಮಾಡಿದ್ರಲ್ಲ, ಅದ್ರಲ್ಲಿ ಶೇ. 56.6 ಮತ ಹಳೇದಕ್ಕೇ ಬಿತ್ತು, ಫರ್ನ್‌ಗೆ ಶೇ. 43.2. ಇದು ಅಲ್ಲಿನ ಚುನಾವಣಾ ಆಯೋಗದ ಅಧಿಕೃತ ಫಲಿತಾಂಶ.

ಆ ವಿಡಿಯೋ ಆನ್‌ಲೈನ್ ಸಿಮ್ಯುಲೇಟರ್‌ದು, ಅಂದ್ರೆ ಬಾವುಟದ ಡಿಸೈನ್ ಹಾಕಿದ್ರೆ ಅದು ಗಾಳಿಗೆ ಹಾರೋ ಹಾಗೆ ಕಂಪ್ಯೂಟರ್‌ನಲ್ಲಿ ತೋರಿಸೋ ಟೂಲ್. ಸರಿಯಾಗಿ ನೋಡಿ, ಅದೇ ಮಡಿಕೆ ಅದೇ ಜಾಗದಲ್ಲಿ ಮತ್ತೆ ಮತ್ತೆ ಬರುತ್ತೆ, ಕಂಬದ ಹಗ್ಗ ಅಲ್ಲಾಡೋದೇ ಇಲ್ಲ. ಟೂಲ್ ಮಾತ್ರ ತುಂಬಾ ಉಪಯೋಗದ್ದು, ಕಾಗದದ ಮೇಲೆ ಚೆನ್ನಾಗಿರೋ ಡಿಸೈನ್ ಗಾಳಿ ಕಮ್ಮಿ ಆಗಿ ಜೋತು ಬಿದ್ದಾಗ್ಲೂ ಗುರುತು ಸಿಗುತ್ತಾ ಅಂತ ನೋಡೋಕೇ ಅದು ಇರೋದು. ಅದ್ರಲ್ಲಿ ಹಾರಿದ ಮಾತ್ರಕ್ಕೆ ಅದು ಯಾವ ದೇಶದ ಧ್ವಜವೂ ಆಗಲ್ಲ.

ದಯವಿಟ್ಟು ಫಾರ್ವರ್ಡ್ ಮಾಡೋದು ನಿಲ್ಸಿ, ಆಗ್ಲೇ ಕಳ್ಸಿದ್ರೆ ಅದೇ ಗ್ರೂಪಲ್ಲಿ 2016ರ ಫಲಿತಾಂಶನೂ ಹಾಕ್ಬಿಡಿ.