ಬಾಯಿಗೆ ಬಿಡುವಿಲ್ಲದಾಗ

ಬೆರಳು ಮಡಚಿ ಕೂಡುವ ಮಗುವನ್ನು ‘ಮನಸ್ಸಲ್ಲೇ ಮಾಡೋ’ ಎಂದು ಗದರುವ ಹಿರಿಯರು ಸಂಗೀತ ಕಚೇರಿಯಲ್ಲಿ ತೊಡೆಯ ಮೇಲೆ ಏನು ಮಾಡುತ್ತಿರುತ್ತಾರೆ, ಗಮನಿಸಿ. ಆದಿತಾಳಕ್ಕೆ ಎಂಟು ಅಕ್ಷರ, ಅಂದರೆ ಎಂಟು ಎಣಿಕೆ. ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು, ಅಲ್ಲಿಗೆ ನಾಲ್ಕು. ಉಳಿದ ನಾಲ್ಕಕ್ಕೆ ಪೆಟ್ಟು ಹಾಕಿ ಅಂಗೈ ಮಗುಚುವುದನ್ನು ಎರಡು ಸಲ ಮಾಡಿದರೆ ಆಯಿತು. ಹೊಸಬರು ಮೊದಲ ಪೆಟ್ಟನ್ನು ಲೆಕ್ಕಕ್ಕೇ ಹಿಡಿಯದೆ ಕಿರುಬೆರಳಿನಿಂದ ‘ಒಂದು’ ಎನ್ನುತ್ತಾರೆ. ನಾಲ್ಕು ಮುಟ್ಟುವಷ್ಟರಲ್ಲಿ ತೋರುಬೆರಳೂ ಬಳಕೆಯಾಗಿ, ಚತುರಶ್ರ ಜಾತಿಯ ಲಘು (ಪೆಟ್ಟು, ಬೆರಳುಗಳ ನಾಲ್ಕೆಣಿಕೆಯ ಭಾಗ) ಸದ್ದಿಲ್ಲದೆ ಐದೆಣಿಕೆಯ ಖಂಡಜಾತಿಯಾಗಿರುತ್ತದೆ. ಐದಕ್ಕೆ ಮೂರು ಕೂಡುವ ಮಗು ಮೊದಲ ಬೆರಳಿಗೇ ‘ಐದು’ ಎಂದು ಏಳಕ್ಕೆ ನಿಲ್ಲುವುದೂ ಇದೇ ಜಾತಿಯ ತಪ್ಪು: ಎಲ್ಲಿಂದ ಎಣಿಸಬೇಕೆಂಬ ಗೊಂದಲ.

ಹಾಡುವವರಿಗೂ ಜಪ ಮಾಡುವವರಿಗೂ ಬಾಯಿ ಖಾಲಿ ಇರುವುದಿಲ್ಲ. ಹಾಗಾಗಿ ಎಣಿಕೆ ಕೈಗೆ ಇಳಿಯುತ್ತದೆ. ಗಾಯತ್ರಿ ಜಪದ ಒಂದು ರೂಢಿಯಲ್ಲಿ ಬಲಗೈ ಹೆಬ್ಬೆರಳು ಉಂಗುರಬೆರಳಿನ ನಡುಭಾಗದಿಂದ ಹೊರಟು ಬುಡಕ್ಕೆ ಇಳಿಯುತ್ತದೆ; ಕಿರುಬೆರಳಿನ ಬುಡ, ನಡು, ತುದಿ ಹತ್ತಿ, ಉಂಗುರ, ನಡು, ತೋರುಬೆರಳುಗಳ ತುದಿ ಹಾದು, ತೋರುಬೆರಳಿನ ನಡು ಮುಟ್ಟಿ ಬುಡಕ್ಕೆ ಬಂದರೆ ಹತ್ತು. ನಡುಬೆರಳಿನ ಕೆಳಗಿನ ಎರಡು ಭಾಗ ಮೇರು, ಅದನ್ನು ಮುಟ್ಟುವಂತಿಲ್ಲ. ಸುತ್ತುಗಳನ್ನು ಎಡಗೈ ನೋಡಿಕೊಳ್ಳುತ್ತದೆ. ಹತ್ತು ಸುತ್ತಿನ ಮೇಲೆ ಎಂಟು ಸೇರಿದರೆ 108. ಸಾಮಾನ್ಯವಾಗಿ ತಪ್ಪುವುದು ಬಲಗೈಯಲ್ಲ, ಎಡಗೈ: ಅದಕ್ಕೆ ಹತ್ತು ಜಪಕ್ಕೊಮ್ಮೆ ಮಾತ್ರ ಕೆಲಸ, ನಡುವೆ ತೂಕಡಿಸುತ್ತದೆ. ಅಭ್ಯಾಸವಾದವರಿಗೆ ‘ಏಳು’ ಎಂಬುದು ನಡುಬೆರಳಿನ ತುದಿ, ಅಷ್ಟೇ. ಅಂಕಿಯನ್ನು ಅವರು ನೆನಪಿಡುವುದೇ ಇಲ್ಲ.

ಈ ಎಣಿಕೆಯನ್ನು ಮೈತುಂಬ ಹರಡಿಕೊಂಡವರು ಪಪುವಾ ನ್ಯೂಗಿನಿಯ ಒಕ್ಸಾಪ್ಮಿನ್ ಜನ. ಒಂದು ಕೈಯ ಹೆಬ್ಬೆರಳಿಗೆ 1. ಮಣಿಕಟ್ಟು, ಮೊಣಕೈ, ಭುಜ, ಕಿವಿ, ಕಣ್ಣು ದಾಟಿ ಮೂಗಿಗೆ 14. ಆ ಕಡೆ ಇಳಿದು ಕಿರುಬೆರಳಿಗೆ 27. ನಮ್ಮ ಹತ್ತೇ ಸಹಜವೆಂದು ಬೀಗುವವರು ಒಮ್ಮೆ ಹಾಗೆ ಎಣಿಸಿ ನೋಡಬೇಕು.

ತಿಂಗಳ ದಿನಗಳಿಗೆ ಮಾತ್ರ ಬೆರಳು ಸಾಲದು, ಮುಷ್ಟಿ ಬೇಕು. ಉಬ್ಬಿದ ಗೆಣ್ಣಿಗೆ 31 ದಿನ, ನಡುವಿನ ತಗ್ಗಿಗೆ 30, ಫೆಬ್ರುವರಿ ಬಿಟ್ಟು. ಮೊದಲ ಗೆಣ್ಣಿಗೆ ಜನವರಿ ಎಂದು ಹೊರಟರೆ ಜುಲೈ ನಾಲ್ಕನೇ ಗೆಣ್ಣಿನ ಮೇಲೆ ಬರುತ್ತದೆ. ಆಗಸ್ಟ್‌ಗೆ ಮತ್ತೆ ಮೊದಲ ಗೆಣ್ಣಿಗೇ ಹೋಗಬೇಕು. ಬಂದ ದಾರಿಯಲ್ಲೇ ತಗ್ಗಿಗೆ ಇಳಿದವರ ಲೆಕ್ಕದಲ್ಲಿ ಆಗಸ್ಟ್ 31 ಬರುವುದೇ ಇಲ್ಲ.