ಕಾವು ಕೂತ ಸಾಕ್ಸ್

ಮಳೆಗಾಲದ ಕೋಳಿಮರಿ ಉಳಿಯುವುದಿಲ್ಲ ಎಂದು ನಮ್ಮ ಅತ್ತೆ ಪ್ರತಿ ವರ್ಷ ಹೇಳುತ್ತಾರೆ. ಕೋಳಿಗಳು ಪ್ರತಿ ವರ್ಷ ಕೇಳುವುದಿಲ್ಲ. ಈ ಸಲವೂ ಜೂನಿನ ಜಡಿಮಳೆಯಲ್ಲೇ ಒಂದು ಹೇಂಟೆ ಕಾವಿಗೆ ಕೂತಿತು. ಮರುದಿನ ರಾತ್ರಿ ಹೆಬ್ಬಾವು ಬಂದು ಅದನ್ನು ನುಂಗಿತು. ನುಂಗಿದ ಮೇಲೆ ಬಂದ ಸಂದಿಯಲ್ಲಿ ಹೊರಗೆ ಹೋಗಲಾಗದೆ ಗೂಡಿನಲ್ಲೇ ಮಲಗಿತ್ತು. ಹಾವು ಹಿಡಿಯುವವರು ಬಂದು ಅದನ್ನು ಕಾಡಿಗೆ ಬಿಟ್ಟರು. ನಮ್ಮ ಪಾಲಿಗೆ ಉಳಿದದ್ದು ಮೊಟ್ಟೆಗಳು.

ಆಮ್ಲೆಟ್ ಮಾಡಬಹುದಿತ್ತು. ಆದರೆ ನಮ್ಮ ಮನೆಯವರು ಅಷ್ಟರಲ್ಲಿ ಮೊಬೈಲಿನಲ್ಲಿ ವಿಡಿಯೋ ನೋಡಿಯಾಗಿತ್ತು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ಬೇಲೆಕೇರಿಯಲ್ಲಿ ಮೀನಿನ ಥರ್ಮಾಕೋಲ್ ಪೆಟ್ಟಿಗೆಗಳು ಸುಮ್ನೆ ಬಿದ್ದಿರುತ್ತವೆ. ಪರಿಚಯದವರ ಹತ್ತಿರ ಒಂದನ್ನು ಕೇಳಿ ತಂದರು. ಸೋಪು ಹಾಕಿ ತಿಕ್ಕಿದ್ದಾಯಿತು, ಲಿಂಬೆಹಣ್ಣು ಉಜ್ಜಿದ್ದಾಯಿತು. ಬಂಗಡೆ ವಾಸನೆ ಜಪ್ಪಯ್ಯ ಅಂದರೂ ಹೋಗಲಿಲ್ಲ. ಒಳಗೆ ಒಂದು ಬಲ್ಬು, ಬಲ್ಬನ್ನು ಆರಿಸಿ ಹೊತ್ತಿಸಲು ಥರ್ಮೋಸ್ಟಾಟ್, ಹಳೇ ಕಂಪ್ಯೂಟರಿನ ಪುಟ್ಟ ಫ್ಯಾನು. ಉಷ್ಣತೆ 37.5 ಡಿಗ್ರಿ ಇರಬೇಕು. 21 ದಿನಕ್ಕೆ ಮರಿ. ಮೀನಿನ ವಾಸನೆ, ಮೇಲಿಂದ ಬೆಚ್ಚಗೆ. ನಮ್ಮ ಬೆಕ್ಕಿಗೆ ಇನ್ನೇನು ಬೇಕು ಹೇಳಿ? ಮೊದಲ ದಿನವೇ ಮುಚ್ಚಳದ ಮೇಲೆ, ಗಾಳಿಯಾಡುವ ತೂತುಗಳನ್ನೆಲ್ಲ ಹೊಟ್ಟೆಯಿಂದ ಮುಚ್ಚಿಕೊಂಡು ಮಲಗಿತು. ಎಬ್ಬಿಸಿದಷ್ಟೂ ಸಲ ಬಂದು ಮಲಗಿತು.

ವಿಡಿಯೋದವರು ಒಳಗೊಂದು ಬಟ್ಟಲು ನೀರಿಡಿ, ತೇವಾಂಶ ಶೇಕಡಾ 50ರಿಂದ 55 ಇರಲಿ ಅನ್ನುತ್ತಾರೆ. ಅವರ ಊರಲ್ಲಿ ಬಿಸಿಲಿರಬೇಕು. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಈ ಕರಾವಳಿಯಲ್ಲಿ ಗೋಡೆಯೇ ಬೆವರುತ್ತಿರುತ್ತದೆ. ನಮ್ಮವರು ತೇವಾಂಶ ಅಳೆಯುವ ಮೀಟರು ತರಿಸಿದರು. ಅದು ಸರಿ ಇದೆಯೋ ಇಲ್ಲವೋ ನೋಡಲು ಒಂದು ಉಪಾಯ ಇದೆ. ಒದ್ದೆ ಉಪ್ಪಿನ ಜೊತೆ ಮೀಟರನ್ನು ಡಬ್ಬಿಯಲ್ಲಿ ಹಾಕಿ ಗಾಳಿಯಾಡದ ಹಾಗೆ ರಾತ್ರಿಯಿಡೀ ಮುಚ್ಚಿಟ್ಟರೆ ಬೆಳಿಗ್ಗೆ 75 ತೋರಿಸಬೇಕು. ಸಾಣಿಕಟ್ಟಾ ಉಪ್ಪಿಗೆ ನಮ್ಮಲ್ಲಿ ಬರವೇ? ಮೀಟರು ಪಾಸಾಯಿತು. ಆಮೇಲೆ ಪೆಟ್ಟಿಗೆಯೊಳಗೆ ಇಟ್ಟರೆ, ನೀರೇ ಇಡದೆ 50! ಗಾಳಿ ಬಿಸಿಯಾದರೆ ಅದಕ್ಕೆ ನೀರು ಹಿಡಿಯುವ ಶಕ್ತಿ ಜಾಸ್ತಿಯಾಗುತ್ತದೆ. ಹೊರಗೆ ತೊಯ್ದು ತೊಪ್ಪೆಯಾದ ಗಾಳಿಯೇ ಒಳಗೆ ಹೋಗಿ ಬೆಚ್ಚಗಾದರೆ ಹದವಾಗಿ ಒಣಗಿರುತ್ತದೆ.

ಇದನ್ನು ನಮ್ಮವರು ರಾತ್ರಿ ಊಟದ ಹೊತ್ತಿಗೆ ಎಲ್ಲರಿಗೂ ವಿವರಿಸಿದರು. ಆಷಾಢದಲ್ಲಿ ಮನೆಯೊಳಗೆ ಒಂದು ಒಣಗಿದ ಜಾಗ ಇದೆ ಅಂತ ಹೇಳಬಾರದಿತ್ತು.

ಬೆಳಿಗ್ಗೆ ನೋಡಿದರೆ ಮೊಟ್ಟೆಗಳ ಪಕ್ಕ ಅತ್ತೆಯ ಬೆಂಕಿಪೊಟ್ಟಣ. ಮಧ್ಯಾಹ್ನ ಮೆತ್ತಗಾದ ನಾಲ್ಕು ಹಲಸಿನ ಹಪ್ಪಳ. ಪಕ್ಕದ ಮನೆಯ ಅಕ್ಕೋರು ಶಾಲೆಯಿಂದ ರಿಟೈರಾಗಿ ಬಹಳ ವರ್ಷ ಆಯಿತು. ಮಳೆಗಾಲದಲ್ಲಿ ಅವರ ಕಿವಿಯ ಮಷಿನ್ ತಂಪು ಹಿಡಿದು ಗೊರಗೊರ ಅನ್ನುತ್ತದೆ. ಅದನ್ನು ಚೀಟಿಯಲ್ಲಿ ಸುತ್ತಿ ತಂದು, "ಮೂಲೆಯಲ್ಲಿ ಇಟ್ಕಳಿ, ಮೊಟ್ಟೆಗೆ ತಾಗೂದಿಲ್ಲ" ಅಂದರು. ಅಕ್ಕೋರಿಗೆ ಇಲ್ಲ ಅನ್ನಲು ನಮ್ಮವರಿಗೆ ಬಾಯಿ ಬರುವುದಿಲ್ಲ. ಮೂರನೇ ಇಯತ್ತೆಯಲ್ಲಿ ಅವರ ಕೈಯಲ್ಲಿ ಹೊಡೆತ ತಿಂದವರು.

ಒಂದು ದಿನ ಮೀಟರು 72ಕ್ಕೆ ಏರಿತು. ಇದು ನಗುವ ವಿಷಯ ಅಲ್ಲ. ಕಾವು ಕೊಟ್ಟ ಮೊಟ್ಟೆ ದಿನಾ ಚೂರುಚೂರು ನೀರು ಕಳೆದುಕೊಳ್ಳಬೇಕು, 18 ದಿನಕ್ಕೆ ತೂಕದಲ್ಲಿ ಸುಮಾರು 12-13 ಶೇಕಡಾ. ಆಗ ದಪ್ಪ ತುದಿಯಲ್ಲಿ ಗಾಳಿಯ ಜಾಗ ದೊಡ್ಡದಾಗುತ್ತದೆ. ಮರಿ ಮೊದಲ ಉಸಿರು ತೆಗೆದುಕೊಳ್ಳುವುದು ಅಲ್ಲೇ. ಗಾಳಿ ತೀರಾ ಒದ್ದೆಯಾದರೆ ಆ ಜಾಗ ಸಾಲದೆ ಮರಿ ಒಳಗೇ ಸಾಯಬಹುದು. ನಮ್ಮವರು ಹಂಚು ಸೋರುತ್ತಿದೆಯೇ ಎಂದು ಅಟ್ಟ ಹತ್ತಿದರು. ಸೋರುತ್ತಿರಲಿಲ್ಲ. ಫ್ಯಾನಿನ ಹಿಂದೆ ಮಗನ ಬೂದು ಸಾಕ್ಸ್ ಸಿಕ್ಕಿತು, ಒಂದೇ ಒಂದು.

"ಇನ್ನೊಂದೆಲ್ಲಿ?"

"ಅದು ನಾಳೆ ಪಾಳಿ" ಅಂದ ಮಗ.

ಸಂಜೆಯೊಳಗೆ ಮುಚ್ಚಳಕ್ಕೆ ಬೋರ್ಡು ಬಿತ್ತು: "ಮೊಟ್ಟೆ ಬಿಟ್ಟು ಬೇರೇನನ್ನೂ ಇಡಬಾರದು." ಅತ್ತೆ ಅದನ್ನು ಓದಿದರು. ಓದಿ, ಬೆಂಕಿಪೊಟ್ಟಣವನ್ನು ಮೊಟ್ಟೆಯ ಕೆಳಗೆ ತಳ್ಳಿದರು.

ಮೊಟ್ಟೆ ಹೊರಳಿಸುವ ಕೆಲಸ ಮಗನಿಗೆ. ದಿನಕ್ಕೆ ಕಡಿಮೆಯೆಂದರೆ ಮೂರು ಸಲ ಹೊರಳಿಸದಿದ್ದರೆ ಒಳಗಿನ ಜೀವ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಗುರುತಿಗೆ ಒಂದು ಕಡೆ ಗುಣಾಕಾರ, ಇನ್ನೊಂದು ಕಡೆ ಸೊನ್ನೆ ಬರೆಯುವುದು ಪದ್ಧತಿ. ಅವನು ಪೆನ್ಸಿಲಿನಲ್ಲಿ ಮುಖ ಬರೆದ. ಒಂದಕ್ಕೆ ಮೀಸೆ, ಒಂದಕ್ಕೆ ಅಕ್ಕೋರ ಕನ್ನಡಕ. ಬೆಳಿಗ್ಗೆ ಮುಖ ಮೇಲೆ, ಮಧ್ಯಾಹ್ನ ಕೆಳಗೆ. ಗುಣಾಕಾರಕ್ಕಿಂತ ಇದು ವಾಸಿ, ಮರೆಯುವ ಪ್ರಶ್ನೆಯೇ ಇಲ್ಲ. ಅಕ್ಕೋರು ಮಾತ್ರ ತಮ್ಮ ಮೊಟ್ಟೆಯನ್ನು ಗುರುತು ಹಿಡಿದು ಒಂದು ವಾರ ನಮ್ಮಲ್ಲಿ ಚಾ ಕುಡಿಯಲಿಲ್ಲ.

ಏಳನೇ ದಿನ ಕತ್ತಲೆಯಲ್ಲಿ ಟಾರ್ಚು ಹಿಡಿದು ನೋಡಬೇಕು. ಕತ್ತಲೆಗೇನು, ಕರೆಂಟು ಹೇಳಿಕೊಟ್ಟ ಹಾಗೆ ಹೋಯಿತು. ಮೀಸೆಯ ಮೊಟ್ಟೆಯೊಳಗೆ ಕೆಂಪು ನರಗಳು ಜೇಡರ ಬಲೆಯ ಹಾಗೆ ಹರಡಿದ್ದವು, ನಡುವೆ ಒಂದು ಕಪ್ಪು ಚುಕ್ಕೆ ಮಿಸುಕುತ್ತಿತ್ತು. ಎಲ್ಲರೂ ಬಾಯಿ ಬಿಟ್ಟು ನೋಡಿದೆವು. ಎರಡು ಮೊಟ್ಟೆಗಳಲ್ಲಿ ಏನೂ ಇರಲಿಲ್ಲ. ಅತ್ತೆ ಈರುಳ್ಳಿ ಹೆಚ್ಚಲು ಹೊರಟಾಗ ತಡೆಯಬೇಕಾಯಿತು. ಕರೆಂಟು ಬರುವವರೆಗೆ ಪೆಟ್ಟಿಗೆಗೆ ಕಂಬಳಿ, ಒಳಗೆ ಬಿಸಿನೀರಿನ ಬಾಟಲಿ. ಮೊಟ್ಟೆ ಸ್ವಲ್ಪ ತಣ್ಣಗಾದರೆ ಅಷ್ಟು ಗಾಬರಿ ಬೇಡ, ಹೇಂಟೆಯೂ ಮೇಯಲು ಎದ್ದು ಹೋಗುತ್ತದಲ್ಲ. ಜಾಸ್ತಿ ಬಿಸಿಯಾದರೇ ಅಪಾಯ.

ಹದಿನೆಂಟನೇ ದಿನಕ್ಕೆ ಕಾನೂನೇ ಬದಲು. ಇನ್ನು ಹೊರಳಿಸುವಂತಿಲ್ಲ, ತೇವಾಂಶ 65ರಿಂದ 70ಕ್ಕೆ ಏರಬೇಕು. ಗಾಳಿ ಒಣಗಿದ್ದರೆ ಒಳಪೊರೆ ಬಿಗಿದು ಮರಿ ಸಿಕ್ಕಿಬೀಳುತ್ತದೆ. ನಮ್ಮವರು ಸ್ಪಂಜು ಹುಡುಕುತ್ತಾ ಮನೆಯೆಲ್ಲ ಓಡಾಡಿದರು. ಅತ್ತೆ ಮಾತಾಡದೆ ತೊಳೆದು ಹಿಂಡಿದ ಬೂದು ಸಾಕ್ಸ್ ತಂದು ಕೈಗಿತ್ತರು. ಒಳಗಿಟ್ಟರು. ಮೀಟರು 68ರಲ್ಲಿ ನಿಂತಿತು. ಯಾರೂ ಯಾರ ಮುಖ ನೋಡಲಿಲ್ಲ.

ಮೊದಲ ಮರಿಯ ಸುದ್ದಿ ಕೊಟ್ಟವರು ಅಕ್ಕೋರು. ಬೋರ್ಡು ಬಿದ್ದ ಮೇಲೂ ಅವರ ಮಷಿನ್‌ಗೆ ರಿಯಾಯಿತಿ ಇತ್ತು. ಅದನ್ನು ತೆಗೆದು ಅಲ್ಲೇ ಕಿವಿಗೆ ಸಿಕ್ಕಿಸಿಕೊಂಡವರು, "ಇದು ಈಗ ಚಿಂವ್ ಚಿಂವ್ ಅಂತದಲ್ಲ, ಮತ್ತೆ ಹಾಳಾಯ್ತು ಕಾಣ್ತದೆ" ಎಂದು ಕಿವಿಯಿಂದ ಕಿತ್ತರು. ಹಾಳಾಗಿರಲಿಲ್ಲ. ಚಿಪ್ಪು ಒಡೆಯುವ ಮೊದಲೇ ಮರಿಗಳು ಒಳಗಿಂದ ಕೂಗುತ್ತವೆ. ಕೊಕ್ಕಿನ ತುದಿಯ ಬಿಳಿ ಮೊನೆಯಿಂದ ಕುಟ್ಟಿ ತೂತು ಮಾಡಿದ ಮೇಲೂ ಪೂರ್ತಿ ಹೊರಬರಲು ಅರ್ಧ ದಿನ, ಕೆಲವಕ್ಕೆ ಇಡೀ ದಿನ ಬೇಕು. ನಾವು ಕೈ ಹಾಕಬಾರದು. ಕೈ ಹಾಕದೆ ಕೂರುವುದು ನಮ್ಮ ಮನೆಯಲ್ಲಿ ಯಾರಿಗೂ ಅಭ್ಯಾಸ ಇಲ್ಲ. ಅತ್ತೆಯಂತೂ ನುಚ್ಚು ಹಿಡಿದುಕೊಂಡೇ ಕಾದರು. ಹೊಟ್ಟೆಯೊಳಗೆ ಎಳೆದುಕೊಂಡ ಹಳದಿ ಭಂಡಾರದಲ್ಲಿ ಮರಿ ಎರಡು ದಿನ ಬದುಕುತ್ತದೆ ಎಂದರೂ ನಂಬಲಿಲ್ಲ. ಮನೆಗೆ ಬಂದವರನ್ನು ಉಪವಾಸ ಮಲಗಿಸುವುದು ಅವರ ಜನ್ಮಕ್ಕೆ ಸೇರದ ಮಾತು.

ಒದ್ದೆ ಮುದ್ದೆಯಾಗಿ ಬಂದ ಮರಿಗಳೆಲ್ಲ ಸೀದಾ ಸಾಕ್ಸಿನ ಮೇಲೆ ಹೋಗಿ ಮಲಗಿದವು. ಆಮೇಲೆ ಅವನ್ನು ರಟ್ಟಿನ ಪೆಟ್ಟಿಗೆಗೆ ಹಾಕಿದೆವು. ಪೇಪರು ಹಾಸಿದರೆ ಕಾಲು ಜಾರಿ ಸೊಟ್ಟಗಾಗುತ್ತದೆ ಎಂದು ಗೋಣಿಚೀಲ ಹಾಸಿದ್ದು. ಮುಳುಗದಿರಲಿ ಎಂದು ನೀರಿನ ತಟ್ಟೆಯಲ್ಲಿ ಕಲ್ಲು. ಮೇಲೆ ಬಲ್ಬು, ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಸುಮಾರು ಮೂರರಂತೆ ಕಡಿಮೆ. ಮರಿಗಳು ಒಟ್ಟಾಗಿ ಮುದುಡಿದರೆ ಚಳಿ, ದೂರ ಓಡಿದರೆ ಸೆಕೆ. ಇಷ್ಟೆಲ್ಲ ಮಾಡಿದರೂ ಅವಕ್ಕೆ ಸಾಕ್ಸೇ ಬೇಕು. ತೆಗೆದರೆ ಮನೆ ಹಾರಿಹೋಗುವ ಹಾಗೆ ಕೂಗು. ಮಗ ಒಂದು ಕಾಲಿಗೆ ಬೂದು, ಇನ್ನೊಂದಕ್ಕೆ ಬಿಳಿ ಸಾಕ್ಸ್ ಹಾಕಿ ಶಾಲೆಗೆ ಹೋಗತೊಡಗಿದ. ಒಂದು ಬೆಳಿಗ್ಗೆ ಮರಿಗಳನ್ನು ಜಗುಲಿಗೆ ಬಿಟ್ಟಿದ್ದೆವು. ಬಣ್ಣಕ್ಕೋ, ಇನ್ಯಾತಕ್ಕೋ, ಬೂದು ಕಾಲಿನ ಹಿಂದೆ ಇಡೀ ದಂಡು ಓಡಿತು. ಬಿಳಿ ಕಾಲನ್ನು ಒಂದೂ ಮೂಸಲಿಲ್ಲ.

ಈಗ ಅರ್ಧಕ್ಕರ್ಧ ಹುಂಜ ಎಂದು ಗೊತ್ತಾಗಿದೆ. ಹೊತ್ತು ಗೊತ್ತಿಲ್ಲದೆ ಕೂಗುತ್ತವೆ. ಅಕ್ಕೋರಿಗೆ ನಿದ್ದೆ ಕೆಡುತ್ತದೇನೋ ಎಂದು ನಮ್ಮವರು ಬೇಲಿಯ ಹತ್ತಿರ ಹೋಗಿ ಕೇಳಿದರು.

"ರಾತ್ರಿ ಮಷಿನ್ ತೆಗೆದಿಡ್ತೆ, ನಂಗೆಂತ ಕೇಳ್ತದೆ?" ಅಂದರು ಅಕ್ಕೋರು. "ಆದ್ರೆ ಮುಂದಿನ ಮಳೆಗಾಲಕ್ಕೆ ಪೆಟ್ಟಿಗೆ ಸ್ವಲ್ಪ ದೊಡ್ಡದು ಮಾಡು ಮಾರಾಯಾ. ನನ್ನ ಉಣ್ಣೆ ಶಾಲು ಒಣಗೂದೇ ಇಲ್ಲ. ಮೊಟ್ಟೆ ಇಡದಿದ್ರೂ ಅಡ್ಡಿಲ್ಲ."