ಗೆರೆ ದಾಟಿದ ಮೇಲೂ ಓಡಿದವರಿಗೊಂದು ಪದಕ

ವಾಡಾ, ಅಂದ್ರೆ ಕ್ರೀಡಾಪಟುಗಳು ನಿಷೇಧಿತ ಮದ್ದು ತಗೊಳ್ಳೋದನ್ನ (ಡೋಪಿಂಗ್) ತಡೆಯೋ ವಿಶ್ವ ಸಂಸ್ಥೆ, ಅದರ ಲಿಸ್ಟ್ ನೋಡಿರ್ತೀರ. ಮತ್ತೆ ನಾವೇ ಫಸ್ಟು. 2024ರಲ್ಲಿ ನಮ್ಮವರ 7,113 ಸ್ಯಾಂಪಲ್ ಟೆಸ್ಟ್ ಆಯ್ತು, 260 ಪಾಸಿಟಿವ್, ನೂರಕ್ಕೆ 3.6. ದೊಡ್ಡ ಮಟ್ಟದಲ್ಲಿ ಟೆಸ್ಟ್ ಮಾಡೋ ದೇಶಗಳಲ್ಲಿ ನಮ್ಮ ಹತ್ರ ಸುಳಿಯೋರೇ ಇಲ್ಲ, ಸತತ ಮೂರನೇ ವರ್ಷ. ಪ್ಯಾರಿಸ್ ಒಲಿಂಪಿಕ್ಸ್ ಪದಕಪಟ್ಟಿಯಲ್ಲಿ 71ನೇ ಜಾಗ, ನಮ್ಮ ಹೆಸರು ಸಿಗೋ ಹೊತ್ತಿಗೆ ಹೆಬ್ಬೆರಳು ಸವೆದುಹೋಗಿತ್ತು. ಈ ಲಿಸ್ಟಲ್ಲಿ ಆ ಕಷ್ಟ ಇಲ್ಲ, ಓಪನ್ ಮಾಡಿದ ತಕ್ಷಣ ಮೇಲೇ ಕೂತಿದೀವಿ.

ಇದಕ್ಕೆ ದೊಡ್ಡವರು ಕೊಡೋ ಸಮಜಾಯಿಷಿ ಏನಪ್ಪಾ ಅಂದ್ರೆ, ನಾವು ಟೆಸ್ಟ್ ಜಾಸ್ತಿ ಮಾಡ್ತಿದೀವಲ್ಲ, ಅದಕ್ಕೇ ಜಾಸ್ತಿ ಜನ ಸಿಗ್ತಿದಾರೆ ಅಂತ. ಅಲ್ಲ ಸ್ವಾಮಿ, ನೂರಕ್ಕೆ ಎಷ್ಟು ಅನ್ನೋ ಲೆಕ್ಕ ಅದು, ಪ್ರೈಮರಿ ಸ್ಕೂಲಲ್ಲಿ ಹೇಳ್ಕೊಡ್ತಾರೆ, ಆವತ್ತು ರಜಾ ಹಾಕಿದ್ರಾ?

ಆದ್ರೂ ನಮ್ಮ ಕ್ರೀಡಾ ಪ್ರತಿಭೆ ಬಗ್ಗೆ ನಂಗೆ ಅನುಮಾನ ಇಲ್ಲ. 2023ರ ಸೆಪ್ಟೆಂಬರಲ್ಲಿ ದಿಲ್ಲಿ ರಾಜ್ಯ ಅಥ್ಲೆಟಿಕ್ಸ್ ಕೂಟ ನಡೀತಲ್ಲ, ಜವಾಹರಲಾಲ್ ನೆಹರೂ ಸ್ಟೇಡಿಯಂ, ಕೊನೇ ದಿನ ನಾಡಾದವರು, ಅಂದ್ರೆ ನಮ್ಮ ದೇಶದ ಡೋಪ್ ಟೆಸ್ಟ್ ಸಂಸ್ಥೆಯವರು ಬಂದಿದಾರೆ ಅಂತ ಗೊತ್ತಾಗಿದ್ದೇ ತಡ, ಎಕ್ಸಾಮ್ ಹಾಲಿಗೆ ಸ್ಕ್ವಾಡ್ ನುಗ್ಗಿದ ಹಾಗೆ ಮೈದಾನ ಅರ್ಧಕ್ಕರ್ಧ ಖಾಲಿ. ಗಂಡಸರ 100 ಮೀಟರ್ ಫೈನಲ್‌ನಲ್ಲಿ ಓಡಿದ್ದು ಒಬ್ಬನೇ ಹುಡುಗ. ಒಬ್ಬನೇ ಓಡಿ, ತನ್ನನ್ನ ತಾನೇ ಸೋಲಿಸಿ, ಫಸ್ಟು ಬಂದ. ಟಾಯ್ಲೆಟ್ಟಲ್ಲಿ ಬಳಸಿ ಬಿಸಾಕಿದ ಸಿರಿಂಜ್ ರಾಶಿ, ವಿಡಿಯೋ ಎಲ್ಲರ ಫೋನಲ್ಲೂ ಬಂದಿತ್ತು. ಇನ್ನು ಅಡ್ಡಪಟ್ಟಿ, ನೀರಿನ ಗುಂಡಿ ಹಾರ್ತಾ ಓಡೋ ಆ ಸ್ಟೀಪಲ್‌ಚೇಸ್ ಹುಡುಗಿ! ಗೆರೆ ದಾಟಿದ್ಲು, ನಿಲ್ಲಲೇ ಇಲ್ಲ, ಹಾಗೇ ಓಡ್ತಾ ಹೋದ್ಲು, ಹಿಂದೆ ಡೋಪ್ ಟೆಸ್ಟ್ ಆಫೀಸರ್ ಓಟ. ಅವರಿಬ್ಬರಿಗೂ ಟೈಮಿಂಗ್ ಹಿಡಿಯೋಕೆ ಒಬ್ಬ ಪುಣ್ಯಾತ್ಮನಿಗೂ ಹೊಳೀಲಿಲ್ಲ ನೋಡಿ. ನನ್ನ ಸಲಹೆ ಇಷ್ಟೇ, ಫಾರಿನ್ ಕೋಚ್‌ಗೆ ಸಂಬಳ ಕೊಡೋದು ಬಿಟ್ಟು ಪ್ರತಿ ರೇಸಲ್ಲೂ ಒಬ್ಬ ನಾಡಾ ಆಫೀಸರ್‌ನ ಹಿಂದೆ ಬಿಡಿ, ದಾಖಲೆ ತಾನಾಗೇ ಮುರಿಯುತ್ತೆ.

ಅಂದಹಾಗೆ ಈ ಹುಚ್ಚು ಶುರುವಾಗಿದ್ದು ಸ್ಟೇಡಿಯಂನಲ್ಲಲ್ಲ. 1889ರಲ್ಲಿ ಪ್ಯಾರಿಸ್ಸಲ್ಲಿ ಬ್ರೌನ್-ಸೆಕಾರ್ ಅಂತ ಒಬ್ಬ ಘನಂದಾರಿ ವಿಜ್ಞಾನಿ, ವಯಸ್ಸು 72, ನಾಯಿ ಮತ್ತೆ ಗಿನಿ ಪಿಗ್ ವೃಷಣ ಅರೆದು ರಸ ತೆಗೆದು ತನಗೇ ಚುಚ್ಕೊಂಡ. ಆಮೇಲೆ ವಿದ್ವಾಂಸರ ಸಭೆ ಮುಂದೆ ನಿಂತು, ಯೌವನ ವಾಪಸ್ ಬಂದಿದೆ ಅಂತ ಘೋಷಿಸಿದ. ಸಾಕ್ಷಿ? ಮುದುಕಪ್ಪ ತನ್ನ ಉಚ್ಚೆ ಎಷ್ಟು ದೂರ ಚಿಮ್ಮುತ್ತೆ ಅಂತ ಅಳೆದಿದ್ದ, ಮೊದಲಿಗಿಂತ ಕಾಲು ಭಾಗ ಜಾಸ್ತಿಯಂತೆ. ನೀರಲ್ಲಿ ತೆಗೆದ ಆ ರಸದಲ್ಲಿ ಹಾರ್ಮೋನ್ ಇದ್ದಿದ್ದೇ ಲೆಕ್ಕಕ್ಕಿಲ್ಲದಷ್ಟು, ಎಲ್ಲಾ ಮನಸ್ಸಿನ ಆಟ ಅಂತ ಆಮೇಲಿನವರು ಹೇಳಿದ್ರು ಬಿಡಿ. ಆದ್ರೆ ಆವತ್ತು ಶುರುವಾದ ಉಚ್ಚೆ ಪರೀಕ್ಷೆ ಇವತ್ತಿಗೂ ನಿಂತಿಲ್ಲ.

1935ರಲ್ಲಿ ಬುಟೆನಾಂಟ್ ಮತ್ತೆ ರುಜಿಚ್ಕ ಅನ್ನೋ ವಿಜ್ಞಾನಿಗಳು ವೃಷಣದ ಆ ಗಂಡಸ್ತನದ ಹಾರ್ಮೋನ್ ಟೆಸ್ಟೋಸ್ಟೆರೋನ್‌ನ ಲ್ಯಾಬಲ್ಲೇ ತಯಾರಿಸಿದ್ರು, 1939ಕ್ಕೆ ನೊಬೆಲ್ ಬಂತು. 1958ಕ್ಕೆ ಅಮೆರಿಕದ ಮಾರ್ಕೆಟ್ಟಿಗೆ ಡಯನಬಾಲ್ ಅನ್ನೋ ಸ್ಟೀರಾಯ್ಡ್ ಮಾತ್ರೆ, ಅಂದ್ರೆ ಆ ಹಾರ್ಮೋನಿನ ನಕಲು, ಜೀಗ್ಲರ್ ಅನ್ನೋ ಡಾಕ್ಟ್ರು ವೇಟ್‌ಲಿಫ್ಟರ್‌ಗಳಿಗೆ ಕೊಟ್ಟು ನೋಡಿದ, ಆಮೇಲೆ ತಾನೇ ಪಶ್ಚಾತ್ತಾಪ ಪಟ್ಟ. ಪೂರ್ವ ಜರ್ಮನಿಯವರದ್ದು ಮಾತ್ರ ಶಿಸ್ತು ಅಂದ್ರೆ ಶಿಸ್ತು, ಸರ್ಕಾರವೇ ಪ್ಲಾನ್ ಹಾಕಿ, ಫೈಲ್ ನಂಬರ್ ಕೊಟ್ಟು, ಸಣ್ಣ ಸಣ್ಣ ಹುಡುಗೀರಿಗೆ ವಿಟಮಿನ್ ಅಂತ ಹೇಳಿ ನೀಲಿ ಮಾತ್ರೆ ನುಂಗಿಸ್ತು. 1976ರ ಮಾಂಟ್ರಿಯಲ್‌ನಲ್ಲಿ ಮಹಿಳೆಯರ ಈಜಿನ 13 ಚಿನ್ನದಲ್ಲಿ 11 ಅವರ ಪಾಲು. ಹುಡುಗೀರ ದನಿ ಗಂಡಸರ ಥರ ಆಯ್ತು, ಅದು ಮತ್ತೆ ಸರಿಹೋಗೋದಲ್ಲ. 2000ದಲ್ಲಿ ಬರ್ಲಿನ್ ಕೋರ್ಟು ಕ್ರೀಡಾ ಮುಖ್ಯಸ್ಥ ಎವಾಲ್ಡ್‌ನ ತಪ್ಪಿತಸ್ಥ ಅಂತು, ಜೈಲಿಗೇನೂ ಕಳಿಸ್ಲಿಲ್ಲ, ಆದ್ರೆ ದೊಡ್ಡ ಕುರ್ಚಿಯವನ ಹೆಸರಾದ್ರೂ ತೀರ್ಪಲ್ಲಿ ಬಂತು.

ನಮ್ಮಲ್ಲಿ? ನಮ್ಮಲ್ಲಿ ಯಾರೂ ಕೊಟ್ಟಿರಲ್ಲ. ಕೋಚ್ ಕೊಟ್ಟಿಲ್ಲ, ಫೆಡರೇಷನ್‌ಗೆ ಗೊತ್ತಿಲ್ಲ, ಮೆಡಿಕಲ್ ಶಾಪಿನವನು ಮಾರಿಲ್ಲ, ಸ್ಟೀರಾಯ್ಡ್ ತಾನೇ ಬಸ್ ಹತ್ತಿ ಬಂದು ಹಾಸ್ಟೆಲ್ ಬಾಗಿಲು ತಟ್ಟಿರುತ್ತೆ. ನಮ್ಮ ಕುಂದಾಪುರ ಕಡೆಯ ಓಟಗಾರ್ತಿ ಅಶ್ವಿನಿ ಅಕ್ಕುಂಜಿ 2010ರಲ್ಲಿ ಕಾಮನ್‌ವೆಲ್ತ್, ಏಷ್ಯನ್ ಗೇಮ್ಸ್ ಎರಡರಲ್ಲೂ ಚಿನ್ನ ತಂದಾಗ ಸ್ಟೇಜ್ ಮೇಲೆ ಜಾಗ ಇಲ್ಲದಷ್ಟು ಜನ. 2011ರಲ್ಲಿ ಅವರೂ ರಿಲೇ ಗೆಳತಿಯರೂ ಪಾಸಿಟಿವ್ ಬಂದ್ರು, ಜಿನ್ಸೆಂಗ್ ಅನ್ನೋ ಬೇರಿನ ಮಾತ್ರೆಯಲ್ಲಿ ಸ್ಟೀರಾಯ್ಡ್ ಬೆರೆತಿತ್ತು ಅಂದ್ರು, ಉಕ್ರೇನಿನ ಕೋಚ್‌ನ ಮನೆಗೆ ಕಳಿಸಿದ್ರು, ಓಟಗಾರ್ತಿಯರಿಗೆ ಕೊನೆಗೆ ಎರಡು ವರ್ಷ ನಿಷೇಧ. ಸ್ಟೇಜ್ ಮೇಲಿದ್ದೋರು? ಎಲ್ಲರೂ ಕ್ಷೇಮ.

ಇದನ್ನ ನೋಡಿ ನಗೋದಕ್ಕೂ ಈಗ ಬೇಜಾರು. ಜಿಮ್ಮಲ್ಲಿ 'ಒಂದ್ ಸೈಕಲ್ ಹೊಡಿ ಮಗಾ, ಏನಾಗಲ್ಲ' ಅಂತ ಕೆಲವು ವಾರದ ಸ್ಟೀರಾಯ್ಡ್ ಕೋರ್ಸ್ ಹಚ್ಚೋ ಟ್ರೈನರ್‌ಗೆ ಗೊತ್ತಿರೋ ವೈದ್ಯಶಾಸ್ತ್ರ ಅಷ್ಟೇ. ಹೊರಗಿಂದ ಹಾರ್ಮೋನ್ ಬಂದ್ರೆ ಮೆದುಳು 'ಸಾಕು' ಅಂತ ಸಿಗ್ನಲ್ ನಿಲ್ಲಿಸುತ್ತೆ, ವೃಷಣ ಚಿಕ್ಕದಾಗುತ್ತೆ, ವೀರ್ಯಾಣು ಕಮ್ಮಿಯಾಗುತ್ತೆ, ಗಂಡಸಾಗೋಕೆ ಹೊರಟೋನಿಗೆ ಎದೆ ಬೆಳೆಯುತ್ತೆ. ನಿಲ್ಲಿಸಿದ ಮೇಲೆ ಮಂಕು ಕವಿಯುತ್ತೆ, ತಿಂಗಳುಗಟ್ಟಲೆ ಕಾಡುತ್ತೆ. ಒಳ್ಳೆ ಕೊಲೆಸ್ಟ್ರಾಲ್ ಇಳಿದು ಕೆಟ್ಟದ್ದು ಏರುತ್ತೆ, ರಕ್ತ ಮಂದ ಆಗುತ್ತೆ, ಹೃದಯದ ಗೋಡೆ ದಪ್ಪ ಆಗುತ್ತೆ, ಮಾತ್ರೆ ರೂಪದವು ಲಿವರ್‌ನ ಹಾಳು ಮಾಡ್ತವೆ. ಇನ್ನೂ ಬೆಳೀತಿರೋ ಹುಡುಗರಾದ್ರೆ ಮೂಳೆ ಬೆಳವಣಿಗೆ ಬೇಗ ನಿಂತು ಕುಳ್ಳಾಗೇ ಉಳೀತಾರೆ. ಇಷ್ಟೆಲ್ಲಾ ಯಾಕೆ? ಒಂದು ಸರ್ಟಿಫಿಕೇಟಿಗೆ, ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆಯಲ್ಲೋ ಪೊಲೀಸಲ್ಲೋ ಒಂದು ಕೆಲಸಕ್ಕೆ. ಚಪ್ಪಾಳೆಗಲ್ಲ, ಸಂಬಳಕ್ಕೆ.

ಮತ್ತೆ ನಾವು 2030ಕ್ಕೆ ಅಹಮದಾಬಾದಲ್ಲಿ ಕಾಮನ್‌ವೆಲ್ತ್ ಮಾಡ್ತಿದೀವಿ, 2036ರ ಒಲಿಂಪಿಕ್ಸೂ ಬೇಕು ಅಂತ ಕೇಳಿದೀವಿ. ಮಾಡಿ, ಸ್ಟೇಡಿಯಂ ಕಟ್ಟಿ, ಪಟಾಕಿ ಹೊಡೀರಿ. ಸಿಕ್ಕಿಬಿದ್ದ ಹುಡುಗನಿಗೆ ನಾಲ್ಕು ವರ್ಷ ನಿಷೇಧ ಹಾಕೋಕೆ ನಿಮಗೆ ಬರುತ್ತೆ, ಗೊತ್ತು. ಔಷಧಿ ಬಾಟಲಿ ಮೇಲೆ ಬ್ಯಾಚ್ ನಂಬರ್ ಅಂತ ಒಂದಿರುತ್ತೆ ಕಣ್ರೀ, ಡಾಕ್ಟ್ರ ಚೀಟಿ ಇಲ್ದೆ ಅದನ್ನ ಮಾರೋ ಹಾಗಿಲ್ಲ, ಮಾರಿದ ಅಂಗಡಿ ಯಾವುದು ಅಂತ ಆ ಹಾಸ್ಟೆಲ್ ಹುಡುಗರಿಗೆಲ್ಲಾ ಗೊತ್ತು, ನಿಮಗೊಬ್ಬರಿಗೇ ಗೊತ್ತಿಲ್ವಾ?